ಮೊದಲ ತಟ್ಟೆ

ಚಂದ್ರಶೇಖರ ಸಾಹೇಬರು ಮುಂಬಾಗಿಲಿನಿಂದ ಒಳಗೆ ಬಾ ಎಂದಾಗಲೇ ಸುವಾರ್ತಮ್ಮನಿಗೆ ಹೆದರಿಕೆಯಾಯಿತು.

ಹದಿಮೂರನೆಯ ಮಹಡಿಯ ಆ ಮನೆಗೆ ಅವಳು ಎಂದೂ ಮುಂಬಾಗಿಲಿನಿಂದ ಹೋದವಳಲ್ಲ. ಅವಳದು ಸರ್ವಿಸ್ ಲಿಫ್ಟು. ಕಸದ ಡ್ರಮ್ಮು, ಸಾಕುನಾಯಿಗಳು, ಕೆಲಸದವರು ಏರುವ ಲಿಫ್ಟು. ಅಲ್ಲಿಂದ ಹಿಂಬಾಗಿಲು, ಬಟ್ಟೆ ಒಗೆಯುವ ಬಾಲ್ಕನಿ, ಹಸಿ ಕಸದ ಬುಟ್ಟಿ. ಘಾಜಿಯಾಬಾದಿನ ಆ ವಸತಿ ಸಮುಚ್ಚಯದ ನಾಲ್ಕೂ ಗೋಪುರಗಳ ಕಸ ಎತ್ತುವವಳು ಅವಳು. ಮೆಟ್ಟಿಲು ಒರೆಸುವವಳೂ ಅವಳೇ.

"ಕೂತ್ಕೋ ಸುವಾರ್ತಾ," ಎಂದರು ಸಾಹೇಬರು.

ಸೋಫಾ ತೋರಿಸಿದರು. ಅವಳು ನಿಂತೇ ಇದ್ದಳು. ಡಿಸೆಂಬರಿನ ತಣ್ಣೀರಿಗೆ ಅವಳ ಹಿಮ್ಮಡಿ ಒಡೆದಿತ್ತು. ಕಾಲ ಕೆಳಗೆ ಬಿಳಿಯ ರತ್ನಗಂಬಳಿ ಹಾಸಿತ್ತು.

ಇಡೀ ಕಟ್ಟಡದಲ್ಲಿ ಅವಳ ಹೆಸರನ್ನು ಸರಿಯಾಗಿ ಕರೆಯುವವರು ಅವರೊಬ್ಬರೇ. ಮಿಕ್ಕವರ ನಾಲಗೆಗೆ ಅದು ಹೊರಳಲಿಲ್ಲ. ಮೊದಲ ವಾರವೇ ಸುನೀತಾ ಎಂದು ಇಟ್ಟುಬಿಟ್ಟರು. ಚಂದ್ರಶೇಖರರು ತುಮಕೂರಿನವರು. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ಈ ಸೊಸೈಟಿಯ ಕಾರ್ಯದರ್ಶಿಯಾದವರು. ಚಾಣಕ್ಯಪುರಿಯ ಅತಿಥಿಗೃಹದಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದ ಅವಳ ಗಂಡ ಪ್ರಭುದಾಸನ ಬಾಯಲ್ಲಿ ಕನ್ನಡ ಕೇಳಿ, "ಅಯ್ಯೋ, ನಮ್ಮವನೇ!" ಎಂದು ಬೆನ್ನು ತಟ್ಟಿದ್ದರು. ಇಬ್ಬರಿಗೂ ಇಲ್ಲಿ ಕೆಲಸ ಕೊಡಿಸಿದ್ದರು. ಕನ್ನಡದಲ್ಲಿ ಕರೆದರು. ಕನ್ನಡದಲ್ಲಿಯೇ ಅವನನ್ನು ಜೈಲಿಗೂ ಕಳಿಸಿದರು.

ಸಾಹೇಬರ ಹೆಂಡತಿ ಜಲಜಾ ಚಹಾ ತಂದಿಟ್ಟಳು. ಹಿಂಬಾಗಿಲ ಮೂಲೆಯಲ್ಲಿ ಬೋರಲು ಹಾಕಿರುತ್ತಿದ್ದ ಸ್ಟೀಲ್ ಲೋಟವಲ್ಲ. ಹೂವಿನ ಚಿತ್ರದ ಪಿಂಗಾಣಿ ಕಪ್ಪು.

"ಪ್ರಭುದಾಸ ಹೇಗಿದ್ದಾನೆ?"

"ಕೆಮ್ಮು ಭಾಳ ಅದರಿ ಸಾಹೇಬ್ರ."

"ಜೈಲಿನ ಚಳಿ ಕೆಟ್ಟದ್ದು," ಎಂದರು ಅವರು. ಆ ಚಳಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ. "ನೋಡು, ನನಗೂ ವಯಸ್ಸಾಯಿತು. ವೈರ ಇಟ್ಟುಕೊಂಡು ಏನು ಸಾಧಿಸಲಿ? ವೈರಿಯನ್ನು ಪ್ರೀತಿಸು ಎಂದು ನಿಮ್ಮ ಧರ್ಮದಲ್ಲೂ ಇದೆಯಲ್ಲ? ಕ್ರಿಸ್‌ಮಸ್ ದಿನ ಕ್ಲಬ್‌ಹೌಸಿನಲ್ಲಿ ಕಾರ್ಯಕ್ರಮವಿದೆ. ನೀನು ತಟ್ಟೆ ಹಿಡಿದು ವೇದಿಕೆಗೆ ಬಾ. ಎಲ್ಲರೆದುರು ನಾನು ಒಂದು ತುತ್ತು ತಿನ್ನುತ್ತೇನೆ. ಕಳೆದ ವರ್ಷದ್ದು ತಪ್ಪು ತಿಳಿವಳಿಕೆ ಎಂದು ನಾನೇ ಹೇಳುತ್ತೇನೆ. ನ್ಯಾಯಾಲಯದಲ್ಲೂ ಹೇಳುತ್ತೇನೆ. ಪ್ರಭುದಾಸನಿಗೆ ಜಾಮೀನು ಸಿಗುತ್ತದೆ."

ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಅವಳು ಕಪ್ಪು ಮುಟ್ಟಲಿಲ್ಲ.

"ಮತ್ತ ನಾ ಏನ್ ಮಾಡ್ಬೇಕ್ರಿ?"

ಸಾಹೇಬರು ಹೆಂಡತಿಯ ಮುಖ ನೋಡಿದರು. ಜಲಜಾ ಕಿಟಕಿಯ ಪರದೆಯನ್ನು ಸರಿಮಾಡಲು ಎದ್ದಳು.

"ನೀನು ಎರಡು ಮಾತು ಆಡಬೇಕು. ಕಿಶೋರಿ ಅಂದು ಕುಡಿದಿದ್ದ. ಯಾರೂ ಅವನಿಗೆ ಇಳಿ ಎನ್ನಲಿಲ್ಲ. ಅಷ್ಟೇ."

ಆಗ ತಿಳಿಯಿತು, ಬಾಗಿಲು ಏಕೆ ತೆರೆಯಿತೆಂದು.

*

ಕಿಶೋರಿ ಹಾಪುಡದ ಕಡೆಯವನು. ಜಾಡಮಾಲಿಗಳ ಮಗ. ಪ್ರಭುದಾಸನ ಜೊತೆ ನೆಲಮಾಳಿಗೆಯ ಕೊಳಚೆ ಟ್ಯಾಂಕು ನೋಡಿಕೊಳ್ಳುತ್ತಿದ್ದ. ಪ್ರಭುದಾಸನ ಅಜ್ಜ ಬೀದರಿನ ಹುಮನಾಬಾದ ಸೀಮೆಯಲ್ಲಿ ಸತ್ತ ದನ ಹೊರುವುದನ್ನು ಬಿಟ್ಟು ಕ್ರೈಸ್ತನಾಗಿದ್ದ. ಹೆಸರು ಬದಲಾಯಿತು. ಹಾಡು ಬದಲಾಯಿತು. ಮೊಮ್ಮಗನ ಕೈಗೆ ಮತ್ತೆ ಊರವರ ಹೇಲೇ ಬಂತು.

ಹೋದ ವರ್ಷ ದೀಪಾವಳಿಯ ಮುನ್ನಾದಿನ ಟ್ಯಾಂಕು ಕಟ್ಟಿಕೊಂಡಿತು. ಮೇಲಿನ ಮನೆಗಳ ಪಾಯಿಖಾನೆಗಳು ಉಕ್ಕಿದವು. ಹೀರುವ ಲಾರಿ ಮರುದಿನ ಬರುತ್ತದೆ ಎಂದ ಪ್ರಭುದಾಸ. "ನಾಳೆಯವರೆಗೆ ಮೇಲಿನವರು ಹೊಟ್ಟೆ ಕಟ್ಟಿಕೊಂಡು ಕೂರಬೇಕೇನೋ? ಸಂಜೆ ಎಲ್ಲರ ಮನೆಗೂ ನೆಂಟರು ಬರುತ್ತಾರೆ," ಎಂದರು ಸಾಹೇಬರು, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಪ್ರಭುದಾಸ ಕದಲಲಿಲ್ಲ. ಅವರು ಕಿಶೋರಿಯ ಕಡೆ ತಿರುಗಿದರು. "ಉತರ್!" ಎಂದರು. ಇಳಿ. ಒಂದೇ ಮಾತು.

ಮೊಗವಾಡವಿಲ್ಲ. ಗಾಳಿಯ ನಳಿಗೆ ಇಲ್ಲ. ಸೊಂಟಕ್ಕೊಂದು ಹಗ್ಗ. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಸುವಾರ್ತಮ್ಮನ ಕೈಗೆ ಹಗ್ಗದ ತುದಿ ಕೊಟ್ಟರು.

"ಭಾಭಿ, ಗಟ್ಟಿಯಾಗಿ ಹಿಡಿ," ಎಂದು ಕಿಶೋರಿ ನಕ್ಕ. "ಮೇಲಿನವರು ತಿಂದ ಮಿಠಾಯಿ ಕೊನೆಗೆ ನನ್ನ ತಲೆಯ ಮೇಲೇ ತಾನೇ ಬೀಳೋದು."

ತಲೆ ಮರೆಯಾಯಿತು. ಹಗ್ಗ ಸ್ವಲ್ಪ ಹೊತ್ತು ಆಡಿತು. ಆಮೇಲೆ ಒಮ್ಮೆಲೇ ಭಾರವಾಯಿತು.

ಪ್ರಭುದಾಸ ಒದ್ದೆ ಬಟ್ಟೆ ಮುಖಕ್ಕೆ ಸುತ್ತಿಕೊಂಡು ಧುಮುಕಿದ. ಅವಳು ಎಳೆದಳು. ಅಂಗೈಯ ತೊಗಲು ಹಗ್ಗಕ್ಕೆ ಅಂಟಿ ಕಿತ್ತು ಬಂತು. ಗಂಡ ಮೇಲೆ ಬಂದ, ಬಾಯಲ್ಲಿ ಕಪ್ಪು ನೊರೆ. ಕಿಶೋರಿಯೂ ಬಂದ. ಅವನ ಕಣ್ಣು ತೆರೆದಿತ್ತು. ಅಷ್ಟೇ.

ಕುಡಿದು ಬಿದ್ದ ಎಂದಿತು ಸೊಸೈಟಿ. ಪ್ರಭುದಾಸ ಪೊಲೀಸರ ಮುಂದೆ ನಡೆದದ್ದನ್ನು ಹೇಳಿದ. ಹೇಳಿಕೆ ಬದಲಿಸು ಎಂದರು ಸಾಹೇಬರು. ಅವನು ಒಪ್ಪಲಿಲ್ಲ. ಹಗ್ಗ ಹಿಡಿದವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಪೊಲೀಸರು ನಿಂತಿದ್ದ ನೆಲವನ್ನೇ ಅವಳು ಒರೆಸುತ್ತಿದ್ದಳು. ಕಾಲೆತ್ತಿ ಜಾಗ ಬಿಟ್ಟುಕೊಟ್ಟರೇ ಹೊರತು ಕಣ್ಣೆತ್ತಿ ನೋಡಲಿಲ್ಲ.

ಆಮೇಲೆ ಕ್ರಿಸ್‌ಮಸ್ ಬಂತು.

ಅವರ ಕೇರಿಯಲ್ಲಿ ಒಂದು ಪದ್ಧತಿ. ಹಬ್ಬದ ದಿನ ಕರ್ಜಿಕಾಯಿ ಕರಿದಮೇಲೆ ಮೊದಲ ತಟ್ಟೆ ಮನೆಯವರಿಗಲ್ಲ, ನೆಂಟರಿಗಲ್ಲ, ಸಭಾಪಾಲಕರಿಗೂ ಅಲ್ಲ. ಆ ವರ್ಷ ನಿನಗೆ ಎಲ್ಲರಿಗಿಂತ ಹೆಚ್ಚು ನೋವು ಕೊಟ್ಟವರು ಯಾರೋ ಅವರಿಗೆ. ಸುವಾರ್ತಮ್ಮನ ಅಜ್ಜಿ ಪ್ರತಿವರ್ಷ ಪಾಟೀಲರ ವಾಡೆಗೆ ಒಯ್ಯುತ್ತಿದ್ದಳು. ಕಟ್ಟೆಯ ಮೇಲಿಟ್ಟು ಹೋಗು ಎನ್ನುತ್ತಿದ್ದರು. ಕಾಗೆ ತಿನ್ನುತ್ತಿತ್ತು. "ಅವರು ತಿನ್ನಲಿ, ಬಿಡಲಿ. ನಮ್ಮ ಕೈಯಾಗ ವಿಷ ಉಳೀಬಾರದು," ಎನ್ನುತ್ತಿದ್ದಳು ಮುದುಕಿ.

ಪ್ರಭುದಾಸ ಒಗೆದ ಅಂಗಿ ತೊಟ್ಟು ತಟ್ಟೆ ಹಿಡಿದು ಹದಿಮೂರನೆಯ ಮಹಡಿಗೆ ಹೋದ. ಮದುವೆಯಲ್ಲಿ ಬಂದ ಸ್ಟೀಲಿನ ತಟ್ಟೆ. ಅಂಚಿನಲ್ಲಿ ಇಬ್ಬರ ಹೆಸರೂ ಕೊರೆದಿತ್ತು. "ಸಾಹೇಬ್ರ, ಯೇಸುಸ್ವಾಮಿ ಹುಟ್ಟಿದ ಹಬ್ಬ. ನಿಮ್ಮ ಮ್ಯಾಲ ನನಗ ದ್ವೇಷ ಇಲ್ರಿ. ತಗೋರಿ," ಎಂದ.

ಬಾಗಿಲ ಮೇಲಿನ ಕ್ಯಾಮೆರಾ ಅದನ್ನು ಹಿಡಿಯಿತು. ಕನ್ನಡ ಬಾರದ ಊರಿಗೆ ಆ ಮಾತಿನ ಅರ್ಥ ಹೇಳಿಕೊಟ್ಟವರು ಸಾಹೇಬರೇ. ಆಮಿಷ. ಮತಾಂತರ. ಹಾಗೆಂದೇ ಪೊಲೀಸರಿಗೆ ದೂರು ಕೊಟ್ಟರು. ಹೊಸ ವರ್ಷ ಹುಟ್ಟುವ ಮೊದಲೇ ಪ್ರಭುದಾಸ ಜೈಲು ಸೇರಿದ. ತಟ್ಟೆ ಪೊಲೀಸರ ಗೋದಾಮು ಸೇರಿತು. ಸಾಕ್ಷಿ ನುಡಿದಿದ್ದವನು ಆರೋಪಿಯಾದ. ಜೈಲಿನಲ್ಲಿರುವವನ ಮಾತಿಗೆ ಬೆಲೆಯೆಲ್ಲಿ?

ಅವನಿಗೆ ಒಂದು ಸಂಗತಿ ಗೊತ್ತಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಹದಿಮೂರನೆಯ ಮಹಡಿಯ ಹಸಿ ಕಸವನ್ನು ಡ್ರಮ್ಮಿಗೆ ಸುರಿಯುವಾಗ, ಚಹಾದ ಚರಟದ ಕೆಳಗಿನಿಂದ ಕರ್ಜಿಕಾಯಿಗಳು ಉರುಳಿದವು. ಅಂಚನ್ನು ಹುರಿಯಂತೆ ಹೆಣೆದದ್ದು ಅವಳದೇ ಬೆರಳು. ಒಂದೂ ಮುರಿದಿರಲಿಲ್ಲ. ಅವಳದನ್ನು ಗಂಡನಿಗೆ ಹೇಳಲಿಲ್ಲ. ನಗುತ್ತ ತಟ್ಟೆ ಹಿಡಿದು ಹೋದವನಿಗೆ ಏನೆಂದು ಹೇಳುವುದು?

ಈಗ ಕಿಶೋರಿಯ ಹೆಂಡತಿ ರಾಮವತಿ ಮೇಲಿನವರೆಗೂ ಅರ್ಜಿ ಒಯ್ದಿದ್ದಾಳೆ. ಹೊಸ ತನಿಖಾಧಿಕಾರಿ ಬಂದಿದ್ದಾರೆ. ಹಗ್ಗದ ತುದಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದಿದೆ. ಹಬ್ಬದ ದಿನ ಆ ಅಧಿಕಾರಿಯೇ ಮುಖ್ಯ ಅತಿಥಿ. ಕರೆದವರು ಚಂದ್ರಶೇಖರ ಸಾಹೇಬರು.

*

"ಏನ್ ಬೇಕಾದ್ರೂ ಮಾಡು," ಎಂದಿದ್ದ ಪ್ರಭುದಾಸ, ಆ ವಾರದ ಭೇಟಿಯಲ್ಲಿ. ಗಾಜಿನ ಆಚೆ ಅವನು, ಈಚೆ ಅವಳು. ನಡುವೆ ಫೋನು. ಅವಳು ಸಾಹೇಬರ ಷರತ್ತನ್ನು ಪೂರ್ತಿ ಹೇಳಿದ್ದಳು. ಕಿಶೋರಿಯ ಹೆಸರು ಬಂದಾಗ ಅವನು ತಲೆ ತಗ್ಗಿಸಿದ. ಆಮೇಲೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದ.

"ಈ ಚಳಿಗಾಲ ನಾ ದಾಟೋದಿಲ್ಲ ಸುವಾರ್ತಾ. ಸತ್ತವ ಸತ್ತ. ನನ್ನ ಹೊರಗ ತಗಿ."

ಟ್ಯಾಂಕಿಗೆ ಧುಮುಕುವಾಗಲೂ ಅಂಜದವನು. ಪೊಲೀಸರ ಲಾಠಿಗೂ ಬಗ್ಗದವನು. ಬೇಡಿದ. ಅವಳು ಗಂಡನ ಬಾಯಲ್ಲಿ ಅಂಥ ದನಿಯನ್ನು ಎಂದೂ ಕೇಳಿರಲಿಲ್ಲ.

ಭಾನುವಾರ ಅವಳು ಮುಖರ್ಜಿ ನಗರಕ್ಕೆ ಹೋದಳು. ಮೊಕದ್ದಮೆಯಾದಾಗಿನಿಂದ ಅವರ ಪುಟ್ಟ ಕನ್ನಡ ಸಭೆಗೆ ಯಾರೂ ಬಾಡಿಗೆಗೆ ಜಾಗ ಕೊಟ್ಟಿರಲಿಲ್ಲ. ಪರೀಕ್ಷೆಗೆ ಓದುವ ಹುಡುಗರ ಹಾಸ್ಟೆಲ್ಲಿನ ಕೆಳಕೋಣೆಯೊಂದರಲ್ಲಿ, ಕಿಟಕಿ ಮುಚ್ಚಿ, ಹಬ್ಬದ ಹಾಡನ್ನು ತುಟಿಯಲ್ಲಿ ಮಾತ್ರ ಹಾಡುತ್ತಿದ್ದರು. ದನಿಯಿಲ್ಲದ ಹಾಡು. ಬಾಗಿಲಲ್ಲಿ ಇಣುಕಿದ ಹಾಸ್ಟೆಲ್ಲಿನವರಿಗೆ ಹೊಟ್ಟೆನೋವಿನವರ ಗುಂಪಿನಂತೆ ಕಂಡಿರಬೇಕು.

ಸಭಾಪಾಲಕ ಅನೀಶ್ ವಯಸ್ಸಿನಲ್ಲಿ ಚಿಕ್ಕವರು. ಆರಾಧನೆ ಮುಗಿದ ಮೇಲೆ ಅವಳ ಮಾತು ಕೇಳಿ ಕೈ ಹೊಸೆದುಕೊಂಡರು.

"ಕ್ಷಮಿಸುವುದು ನಮ್ಮ ಕೆಲಸ ಸುವಾರ್ತಮ್ಮಾ. ಅವರಾಗಿಯೇ ರಾಜಿಗೆ ಬಂದಿದ್ದಾರೆ. ಬಂದ ಕೈಯನ್ನು ತಳ್ಳಬಾರದು."

"ಕ್ಷಮಿಸೀನ್ರಿ ಅಯ್ಯನವರ. ಸುಳ್ಳು ಹೇಳೋದೂ ನಮ್ಮ ಕೆಲಸ ಏನ್ರಿ?"

"ಒಂದು ಜೀವ ಉಳಿಯುತ್ತದೆ. ದೇವರು ಮನಸ್ಸನ್ನು ನೋಡುತ್ತಾನೆ."

"ದೇವರು ಮನಸ್ಸು ನೋಡ್ತಾನ್ರಿ. ತನಿಖಿ ಮಾಡೋರು ಬಾಯಿ ನೋಡ್ತಾರ."

ಅನೀಶ್ ನೆಲ ನೋಡಿದರು. "ನಮ್ಮ ಮಿಕ್ಕವರ ಗತಿಯನ್ನೂ ಯೋಚಿಸಿ," ಎಂದರು ಮೆಲ್ಲಗೆ. "ಇನ್ನೊಂದು ಗಲಾಟೆಯಾದರೆ ಈ ಕೋಣೆಯೂ ಹೋಗುತ್ತದೆ." ಅವರ ದನಿ ನಡುಗುತ್ತಿತ್ತು. ಬಯ್ಯಲು ಬಾಯಿ ತೆರೆದವಳು ಆ ನಡುಕ ಕೇಳಿ ಚೀಲ ಎತ್ತಿಕೊಂಡು ಹೊರಟಳು.

ಎಲ್ಲ ಕಡೆಯಿಂದಲೂ ಒಂದೇ ಮಾತು. ಗಂಡ, ಗುರು, ವೈರಿ ಮೂವರೂ ಸೇರಿ ಅವಳನ್ನು ಒಂದೇ ಬಾಗಿಲ ಕಡೆ ನೂಕುತ್ತಿದ್ದರು. ಬಾಗಿಲ ಆಚೆ ಗಂಡ ನಿಂತಿದ್ದ. ಹೊಸ್ತಿಲಿಗೆ ಅಡ್ಡಲಾಗಿ ಕಿಶೋರಿಯ ಹೆಣ ಮಲಗಿತ್ತು. ತುಳಿಯದೆ ದಾಟುವಂತಿರಲಿಲ್ಲ.

ಹಬ್ಬದ ಮುನ್ನಾದಿನ ಸಂಜೆ ಗಲ್ಲಿಯ ನಲ್ಲಿಯ ಬಳಿ ರಾಮವತಿ ಸಿಕ್ಕಳು. ಒಂದೇ ಗಲ್ಲಿಯವರು. ಕಿಶೋರಿ ಸತ್ತಾಗಿನಿಂದ ಅವಳು ಸುವಾರ್ತಮ್ಮನ ಜೊತೆ ಮಾತಾಡಿರಲಿಲ್ಲ. ಇಂದು ಬಕೆಟ್ಟು ಸರಿಸಿ ನಲ್ಲಿ ಬಿಟ್ಟುಕೊಟ್ಟಳು.

"ರಾಜಿಯಾಗುತ್ತಿದೆಯಂತೆ ದೀದಿ. ಇಡೀ ಗಲ್ಲಿ ಹೇಳುತ್ತಿದೆ."

ಸುವಾರ್ತಮ್ಮ ತನ್ನ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟಳು.

"ಅಚ್ಛಾ. ನಿನ್ನವನಾದರೂ ಮನೆಗೆ ಬರಲಿ," ಎಂದಳು ರಾಮವತಿ. ಬಕೆಟ್ಟು ಎತ್ತಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. "ನನ್ನವನನ್ನು ಏನಾದರೂ ಅನ್ನು. ಕುಡುಕ ಮಾತ್ರ ಅನ್ನಬೇಡ. ಆ ದಿನ ಚಹಾ ಕುಡಿಯಲೂ ಬಿಡದೆ ಕರೆದೊಯ್ದರು ಅವನನ್ನು. ಒಲೆಯ ಮೇಲೆ ಹಾಗೇ ಕುದಿಯುತ್ತಿತ್ತು."

ಅಂದು ಸುವಾರ್ತಮ್ಮ ಕರ್ಜಿಕಾಯಿ ಮಾಡಿದಳು. ಕೊಬ್ಬರಿ, ಬೆಲ್ಲ, ಪುಟಾಣಿ, ಗಸಗಸೆ. ಅಂಗೈಯ ಗಾಯದ ಕಲೆ ಬಿಗಿದು ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಆದರೂ ಒಂದೊಂದರ ಅಂಚನ್ನೂ ಹುರಿಯಂತೆಯೇ ಹೆಣೆದಳು. ನಾಳೆ ಬಾಯಿಂದ ಏನು ಹೊರಡುತ್ತದೆಂದು ಅವಳಿಗೇ ತಿಳಿದಿರಲಿಲ್ಲ. ಕೈಗೆ ಮಾತ್ರ ಅದರ ಕೆಲಸ ಗೊತ್ತಿತ್ತು.

*

ಕ್ಲಬ್‌ಹೌಸಿನ ನೆಲವನ್ನು ಬೆಳಿಗ್ಗೆ ಒರೆಸಿದವಳು ಅವಳೇ. ಮಧ್ಯಾಹ್ನ ಅದೇ ನೆಲದ ಮೇಲೆ ಅತಿಥಿಯಾಗಿ ನಿಂತಳು. ಪ್ಲಾಸ್ಟಿಕ್ಕಿನ ಮರ. ಮರದ ಮೇಲೆ ಹತ್ತಿಯ ಹಿಮ. ಮಕ್ಕಳೆಲ್ಲರಿಗೂ ಕೆಂಪು ಟೋಪಿ. ಯೇಸು ಹುಟ್ಟಿದ ಹಬ್ಬವೆಂದು ಹೇಳಿದವನೊಬ್ಬ ಈ ಕಟ್ಟಡದಿಂದ ಜೈಲಿಗೆ ಹೋಗಿದ್ದಾನೆ. ಹಬ್ಬ ಮಾತ್ರ ಧ್ವನಿವರ್ಧಕ ಹಾಕಿಕೊಂಡು ನಡೆಯುತ್ತಿದೆ. ಯಾರೋ ಅವಳ ತಲೆಗೂ ಟೋಪಿ ಇಟ್ಟು, "ಸುನೀತಾ, ಸ್ಮೈಲ್!" ಎಂದು ಫೋಟೋ ತೆಗೆದರು.

ಜಲಜಾ ಅವಳನ್ನು ವೇದಿಕೆಯ ಹಿಂದಿನ ಅಡುಗೆಕೋಣೆಗೆ ಕರೆದೊಯ್ದಳು. ಅಲ್ಲಿ ಅಂಗಡಿಯ ಡಬ್ಬಿಯೊಂದು ತೆರೆದಿತ್ತು. ಬೆಳ್ಳಿಯ ಹಾಳೆ ಹೊದ್ದ ಬರ್ಫಿಗಳು.

"ತಟ್ಟೆ ತಂದಿದ್ದೀಯಾ? ಕೊಡು. ಇದನ್ನು ಅದರಲ್ಲಿ ಜೋಡಿಸು."

"ನಾ ಮಾಡಿ ತಂದೀನ್ರಿ ಅಮ್ಮ."

"ಅಲ್ಲ... ಅವರಿಗೆ ಹೊರಗಿನದು ಆಗಿಬರುವುದಿಲ್ಲ."

"ಇದೂ ಹೊರಗಿಂದೇ ಅಲ್ರಿ?"

ಜಲಜಾ ಕೆಂಪಾದಳು. "ಇದು ಅಂಗಡಿಯದು," ಎಂದಳು.

ಸುವಾರ್ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ತಟ್ಟೆ ಅವಳದು ಬೇಕು, ಫೋಟೋಕ್ಕೆ. ಟೋಪಿ ಹಾಕಿದ ಅವಳ ಕಪ್ಪು ಮುಖವೂ ಬೇಕು. ಅವಳ ನಾಲಗೆಯಿಂದ ಒಂದು ಸುಳ್ಳೂ ಬೇಕು. ಅವಳ ಕೈಯ ತಿಂಡಿ ಮಾತ್ರ ಬೇಡ. ರಾಜಿಯಲ್ಲೂ ಮಡಿ!

ಅವಳು ಟೋಪಿ ತೆಗೆದಳು. ಬರ್ಫಿಯ ಡಬ್ಬಿಯ ಮುಚ್ಚಳವನ್ನು ಮುಚ್ಚಿದಳು. ತನ್ನ ಚೀಲದಿಂದ ಗಂಟು ಬಿಚ್ಚಿ ಕರ್ಜಿಕಾಯಿಗಳನ್ನು ತಟ್ಟೆಯಲ್ಲಿ ಇಟ್ಟಳು.

"ಹಠ ಮಾಡಬೇಡ ಸುವಾರ್ತಾ. ಇವತ್ತು ನಿನ್ನ ಗಂಡನ ಬಿಡುಗಡೆ."

"ತಿಂದ್ರ ನನ್ನ ಕೈಯಿಂದು ತಿನ್ನಲ್ರಿ. ಇಲ್ಲಂದ್ರ ನಾ ವೇದಿಕಿ ಹತ್ತೂದಿಲ್ಲ."

ಹೊರಗೆ ಅವಳ ಹೆಸರು ಕೂಗಿದರು. ಜಲಜಾ ದಾರಿಗೆ ಅಡ್ಡ ನಿಂತಳು. ಚಪ್ಪಾಳೆ ಎದ್ದಿತು. ಜಲಜಾ ಸರಿದಳು.

ವೇದಿಕೆಯ ಮೇಲೆ ಸಾಹೇಬರು ಎರಡೂ ಕೈ ಚಾಚಿ ನಗುತ್ತ ಬಂದರು. ಮುಂದಿನ ಸಾಲಿನಲ್ಲಿ ತನಿಖಾಧಿಕಾರಿ. ಅವರ ಪಕ್ಕ ಸೊಸೈಟಿಯ ವಕೀಲರು. ಮೇಲೆತ್ತಿದ ಫೋನುಗಳ ಕಾಡು. ಸಾಹೇಬರ ಕಣ್ಣು ತಟ್ಟೆಯ ಮೇಲೆ ಬಿತ್ತು. ನಗು ಹಾಗೇ ಉಳಿಯಿತು. ಕಣ್ಣು ಮಾತ್ರ ನಗುವುದನ್ನು ಬಿಟ್ಟಿತು.

"ಏನಿದು?" ಎಂದರು ಕನ್ನಡದಲ್ಲಿ, ತುಟಿ ಅಲುಗಿಸದೆ.

"ಕರ್ಜಿಕಾಯ್ರಿ. ಹೋದ ವರ್ಷದಂಥವೇ. ಅವು ನಿಮ್ಮ ಹಸಿ ಕಸದಾಗ ಸಿಕ್ಕಿದ್ವು."

ಸಾಹೇಬರ ಕೈ ಗಾಳಿಯಲ್ಲಿ ನಿಂತಿತು. ಸಭೆ ಕಾಯುತ್ತಿತ್ತು. ಅಧಿಕಾರಿ ಕುರ್ಚಿಯಲ್ಲಿ ಮುಂದೆ ಬಾಗಿದರು. ಸಾಹೇಬರ ಹಣೆಯಲ್ಲಿ ಬೆವರು ಮೂಡಿದ್ದು ಸುವಾರ್ತಮ್ಮನಿಗೆ ಕಂಡಿತು, ಆ ಚಳಿಯಲ್ಲಿ. ತಿನ್ನಲಾರರು ಎಂದುಕೊಂಡಳು. ತಿನ್ನದಿದ್ದರೆ ತಾನು ಮಾತಾಡಬೇಕಿಲ್ಲ. ಒಂದು ಕ್ಷಣ ಅವಳಿಗೆ ಬಿಡುಗಡೆ ಸಿಕ್ಕಂತಾಯಿತು.

ಸಾಹೇಬರು ಒಂದನ್ನೆತ್ತಿ ಕಚ್ಚಿದರು.

ಕಟುಮ್ಮೆಂಬ ಸದ್ದು ಮೈಕಿನಲ್ಲಿ ಕೇಳಿತು. ಪುಡಿ ಶಾಲಿನ ಮೇಲೆ ಉದುರಿತು. ಗಂಟಲಮಣಿ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ಅರ್ಧ ಉಳಿದದ್ದನ್ನು ತಟ್ಟೆಗಿಟ್ಟರು. ಚಪ್ಪಾಳೆಗೆ ಗಾಜುಗಳು ನಡುಗಿದವು. ಅಜ್ಜಿಯ ತಟ್ಟೆಯನ್ನು ಕಾಗೆ ತಿಂದಿತ್ತು, ಗಂಡನದನ್ನು ಕಸ ತಿಂದಿತ್ತು. ಇದನ್ನು ವೈರಿಯೇ ತಿಂದ. ಅವಳ ಕಣ್ಣು ತುಂಬಿತು. ಏಕೆಂದು ಅವಳಿಗೂ ತಿಳಿಯಲಿಲ್ಲ.

"ಹಮ್ ಸಬ್ ಏಕ್ ಹೈಂ," ನಾವೆಲ್ಲ ಒಂದೇ, ಎಂದು ಸಾಹೇಬರು ಸಭೆಗೆ ಹೇಳಿ ಮೈಕನ್ನು ಅವಳ ಕೈಗೆ ಕೊಟ್ಟರು. ತಮ್ಮ ಪಾಲಿನ ಬೆಲೆ ತೆತ್ತಾಗಿತ್ತು. ಇನ್ನು ಅವಳದು.

ಎರಡು ಮಾತು. ಆಡಿದರೆ ಪ್ರಭುದಾಸ ಮನೆಗೆ ಬರುತ್ತಾನೆ. ಕೆಮ್ಮಿಗೆ ಔಷಧ ಕೊಡಿಸಬಹುದು. ಬೆನ್ನಿಗೆ ಬಿಸಿನೀರು ಹಾಕಬಹುದು. ಬಾಯಿ ತೆರೆದಳು. "ಕಿಶೋರಿ..." ಎಂದಳು. ಸಾಹೇಬರು ತಲೆಯಾಡಿಸಿದರು. ಮೈಕಿನ ತಂತಿ ಅಂಗೈಯ ಕಲೆಗೆ ತಾಗಿತು. ತೆಳ್ಳಗೆ, ಉದ್ದಕ್ಕೆ, ಹಗ್ಗದಂತೆ.

"ಸಾಹೇಬರು ನನ್ನ ಕೈಯಿಂದ ತಿಂದರು," ಎಂದಳು ಬೀದರಿನ ಹಿಂದಿಯಲ್ಲಿ. ಆ ಹಿಂದಿಗೆ ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. "ಅವರ ಮೇಲೆ ನನಗೆ ವೈರವಿಲ್ಲ. ನನ್ನ ಗಂಡನನ್ನು ಜೈಲಿಗೆ ಹಾಕಿಸಿದರು. ಅದನ್ನು ನಾನು ಬಿಟ್ಟುಕೊಟ್ಟೆ. ದೇವರ ಮುಂದೆ ಬಿಟ್ಟುಕೊಟ್ಟೆ."

ಚಪ್ಪಾಳೆ. ವಕೀಲರು ಬೆನ್ನು ಸಡಿಲಿಸಿ ಕುಳಿತರು.

"ಅದು ನನ್ನದು, ಬಿಟ್ಟುಕೊಟ್ಟೆ. ಕಿಶೋರಿಯ ಸಾವು ನನ್ನದಲ್ಲ. ಅದನ್ನು ಬಿಟ್ಟುಕೊಡಲು ನಾನು ಯಾರು? ಅವನು ಕುಡಿದಿರಲಿಲ್ಲ. ತಾನಾಗಿ ಇಳಿಯಲೂ ಇಲ್ಲ. ಇಳಿ ಎಂದವರು..."

ಮೈಕು ಸತ್ತಿತು.

ಅವಳದನ್ನು ಕೆಳಗಿಟ್ಟಳು. ದಿನಾ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು ಕಸಕ್ಕಾಗಿ "ಕೂಡಾ!" ಎಂದು ಹಿಂದಿಯಲ್ಲಿ ಕೂಗಿ ಮೇಲಿನ ಮಹಡಿಯವರೆಗೂ ಮುಟ್ಟಿಸುತ್ತಿದ್ದ ಗಂಟಲು ಅದು. ಅದಕ್ಕೆ ಮೈಕು ಬೇಕಿರಲಿಲ್ಲ.

"ಇಳಿ ಎಂದವರು ಇವರು! ಮೂಗು ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದರು. ಹಗ್ಗ ನನ್ನ ಕೈಯಲ್ಲಿತ್ತು. ನೋಡಿ!"

ಎರಡೂ ಅಂಗೈ ಎತ್ತಿ ತೋರಿಸಿದಳು. ವರ್ಷವಿಡೀ ಅವರ ಕಸ ಎತ್ತಿದ ಕೈ. ಯಾರೂ ನೋಡದಿದ್ದ ಕೈ. ಕಿಸಕ್ಕನೆ ನಕ್ಕ ಹುಡುಗಿಯರು ಸುಮ್ಮನಾದರು. ಯಾರೋ ಹಾಡಿನ ಧ್ವನಿ ಜೋರುಮಾಡಿದರು. ಇನ್ಯಾರೋ ಅದನ್ನು ನಿಲ್ಲಿಸಿದರು.

ಸಾಹೇಬರು ಅವಳ ಕಿವಿಯ ಬಳಿ ಬಾಗಿದರು. ದೂರದಿಂದ ನೋಡಿದವರಿಗೆ ಆಶೀರ್ವಾದದಂತೆ ಕಂಡಿರಬೇಕು.

"ನಿನ್ನ ಗಂಡ ಅಲ್ಲೇ ಕೊಳೆತು ಸಾಯುತ್ತಾನೆ."

"ಬರೋ ವರ್ಷಾನೂ ತಟ್ಟಿ ತರ್ತೀನ್ರಿ ಸಾಹೇಬ್ರ," ಎಂದಳು. "ನನ್ನ ಕೈಯಾಗ ವಿಷ ಇಲ್ರಿ."

ವಕೀಲರು ವೇದಿಕೆ ಹತ್ತಿ ಬಂದರು. ಈ ತಟ್ಟೆಯನ್ನೂ ವಶಪಡಿಸಿಕೊಳ್ಳಬೇಕು, ಇದೂ ಆಮಿಷವೇ ಎಂದು ಕೂಗಾಡಿದರು. ಸುವಾರ್ತಮ್ಮ ತಾನೇ ತಟ್ಟೆಯನ್ನೆತ್ತಿ ತನಿಖಾಧಿಕಾರಿಯ ಮುಂದೆ ಹಿಡಿದಳು.

"ತಗೊಳ್ಳಿ ಸಾಬ್. ಕಚ್ಚಿದ್ದನ್ನೂ ಸೇರಿಸಿ ತಗೊಳ್ಳಿ. ಹಲ್ಲಿನ ಗುರುತು ಅದರ ಮೇಲಿದೆ."

ಅಧಿಕಾರಿ ತಟ್ಟೆ ಮುಟ್ಟಲಿಲ್ಲ. ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕಚೇರಿಗೆ ಬಂದು ಹೇಳಬೇಕು," ಎಂದಷ್ಟೇ ಹೇಳಿ ಹೊರಟರು.

ಕಾವಲುಗಾರರು ಅವಳ ಕೊರಳಿನ ಗುರುತಿನ ಚೀಟಿ ಕಿತ್ತುಕೊಂಡರು. ಗೇಟು ಮುಚ್ಚಿತು.

*

ಅವಳು ಕಚೇರಿಗೆ ಹೋಗಿ ಹೇಳಿದಳು. ರಾಮವತಿ ಜೊತೆಗೆ ಬಂದಳು. ಬರೆದುಕೊಂಡರು. ಅಂಗೈಯ ಫೋಟೋ ತೆಗೆದರು. ಮುಂದೇನು ಎಂದರೆ ಕಾಯಿರಿ ಎಂದರು. ಸಾಹೇಬರು ತಮ್ಮ ದೂರನ್ನು ಹಿಂದಕ್ಕೆ ಪಡೆಯಲಿಲ್ಲ.

ಜೈಲಿನ ಹೊರಗೆ ಮಂಜು ಕವಿದಿತ್ತು. ಒಳಗೆ ಫೋನು ಒಯ್ಯುವಂತಿಲ್ಲ. ರಾಮವತಿ ಅದನ್ನು ಹಿಡಿದು ಗೇಟಿನ ಬಳಿ ನಿಂತಳು. "ಜಾ ದೀದಿ," ಎಂದಳು.

ಪ್ರಭುದಾಸ ಗಾಜಿನ ಆಚೆ ಬಂದು ಕುಳಿತ. ಇನ್ನೂ ಸೊರಗಿದ್ದ. ಅವಳ ಮುಖ ನೋಡುತ್ತಲೇ ಅವನಿಗೆ ಅರ್ಧ ತಿಳಿಯಿತು. ಮಿಕ್ಕರ್ಧವನ್ನು ಅವಳು ಹೇಳಿದಳು. ಕಸದ ಬುಟ್ಟಿಯಲ್ಲಿ ಸಿಕ್ಕ ಹೋದ ವರ್ಷದ ಕರ್ಜಿಕಾಯಿಗಳ ವಿಷಯವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಅವನು ಫೋನು ಕೆಳಗಿಟ್ಟ.

ಮುಖ ತಿರುಗಿಸಿ ಗೋಡೆಯ ಕಡೆ ನೋಡುತ್ತ ಕುಳಿತ. ಹೆಗಲು ಅಲುಗುತ್ತಿತ್ತು. ಕೆಮ್ಮೋ, ಅಳುವೋ, ಗಾಜಿನ ಈಚೆಗೆ ಸದ್ದು ಬರುತ್ತಿರಲಿಲ್ಲ. ಕಾವಲಿನವನು ಸಮಯವಾಯಿತೆಂದು ಸನ್ನೆ ಮಾಡಿದ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದಳು.

ಅವನು ತಿರುಗಿ ಫೋನೆತ್ತಿದ.

"ಹೊರಗ ತಗಿ ಅಂದಿದ್ದೆ ನಾ."

"ಅಂದಿದ್ರಿ."

"ಕೇಳಲಿಲ್ಲ ನೀ."

"ಇಲ್ರಿ."

ಅವನ ಉಸಿರಿಗೆ ಗಾಜು ಮಸುಕಾಯಿತು. ಅಂಗಿಯ ತೋಳಿನಿಂದ ಒರೆಸಿದ.

"ಖರೇನ ತಿಂದ್ರೇನು ಅವರು?"

"ಅರ್ಧ ತಿಂದ್ರು."

ಅವನು ಅವಳ ಕಡೆ ನೋಡಿದ. ಕಣ್ಣಿನಲ್ಲಿ ಸಿಟ್ಟಿತ್ತು. ಅದು ಆರಿರಲಿಲ್ಲ.

"ಈ ವರ್ಷ ನನಗ ಎಲ್ಲರಕಿಂತ ಹೆಚ್ಚು ನೋವು ಕೊಟ್ಟಾಕಿ ನೀನೇ," ಎಂದ. "ನನ್ನ ಮೊದಲ ತಟ್ಟಿ ನಿನಗ ಬರಬೇಕು."

ಅವನ ಬಳಿ ತಟ್ಟೆಯಿರಲಿಲ್ಲ. ಬರಿಗೈ ಎತ್ತಿ ಗಾಜಿಗೆ ಒತ್ತಿ ಹಿಡಿದ. ಕಾವಲಿನವನು ಅವನ ತೋಳು ಹಿಡಿದು ಎಬ್ಬಿಸುವ ಮೊದಲೇ ಸುವಾರ್ತಮ್ಮ ತನ್ನ ಕಲೆಗಟ್ಟಿದ ಅಂಗೈಯನ್ನು ಈಚೆಯಿಂದ ಅದಕ್ಕೆ ಆನಿಸಿದಳು. ಗಾಜು ತಣ್ಣಗಿತ್ತು.